ಆರು ದಿನ ಕ್ಯಾಶ್ ಕೌಂಟರ್, ಏಳನೆಯ ದಿನ ಚಹಾ

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು 31 ವರ್ಷ ನೋಟು ಎಣಿಸಿದವಳು ನಾನು. ಮಲ್ಪೆ ಬಂದರಿನಿಂದ ಬರುವ ಮೀನಿನ ವಾಸನೆಯ ನೋಟು, ಮದುವೆ ಮನೆಯಿಂದ ಬರುವ ಅರಶಿನ ಹತ್ತಿದ ನೋಟು, ಅಜ್ಜಿಯಂದಿರ ಎಲೆಯಡಿಕೆ ಚೀಲದಲ್ಲಿ ನಾಲ್ಕು ಮಡಿಕೆಯಾದ ನೋಟು, ಎಲ್ಲವೂ ಬೆರಳ ತುದಿಗೆ ಗೊತ್ತು. ಭಾನುವಾರ ಮಾತ್ರ ಆ ಬೆರಳುಗಳಿಗೆ ಬೇರೆ ಕೆಲಸ. ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಕಾಣಿಕೆ ಚೀಲಗಳು ಪಕ್ಕದ ಕೋಣೆಗೆ ಹೋಗುತ್ತಿದ್ದವು. ಅಲ್ಲಿ ಮೂವರು ಹಿರಿಯರು ಬಾಗಿಲು ಹಾಕಿಕೊಂಡು ಎಣಿಸುತ್ತಿದ್ದರು. ನಾವು ಹೆಂಗಸರು ಹಿಂದಿನ ಜಗಲಿಯಲ್ಲಿ ಚಹಾ ಕಾಸುತ್ತಿದ್ದೆವು.

ಟ್ರೇ ಹಿಡಿದು ಒಳಗೆ ಹೋದಾಗಲೆಲ್ಲ ನೋಡುತ್ತಿದ್ದೆ. ಐದರ ನಾಣ್ಯ, ಎರಡರ ನಾಣ್ಯ ಒಂದೇ ಗುಡ್ಡೆ. ನೋಟುಗಳ ಮುಖ ಒಂದೊಂದು ದಿಕ್ಕಿಗೆ. ಒಬ್ಬರು 340 ಅಂದರೆ ಇನ್ನೊಬ್ಬರು 335. ನನ್ನ ಕೈ ತುರಿಸುತ್ತಿತ್ತು. ಒಮ್ಮೆ ತಡೆಯಲಾರದೆ, "ಐದರದ್ದು ಬೇರೆ ಮಾಡಿ ಮಾವ" ಅಂದೆ. "ನೀನು ಚಹಾ ಇಟ್ಟು ಹೋಗು ಮಗಾ, ಇದು ಸಭೆಯ ಲೆಕ್ಕ" ಅಂದರು. ಅವರು ಕೆಟ್ಟವರಲ್ಲ, ನನ್ನನ್ನು ಎತ್ತಿ ಆಡಿಸಿದವರು. ತಮಾಷೆ ಏನೆಂದರೆ ಸೋಮವಾರ ಅದೇ ದುಡ್ಡು ಬ್ಯಾಂಕಿಗೆ ಬರುತ್ತಿತ್ತು, ನನ್ನ ಕೌಂಟರಿಗೇ. ಅವರು ತಪ್ಪಿದ ಲೆಕ್ಕ ಸರಿಮಾಡಿ, ಚಲನಿಗೆ ಸೀಲು ಹೊಡೆದು ಕೊಡುತ್ತಿದ್ದೆ.

ನಾವು ಉಡುಪಿ ಕಡೆಯ ಪ್ರೊಟೆಸ್ಟೆಂಟರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಕಡೆಯಿಂದ ಕ್ರೈಸ್ತರಾದ ಮನೆತನಗಳು. ಈಗ ದಕ್ಷಿಣ ಭಾರತ ಸಭೆಯವರು, ಬಾಯಿಮಾತಿನಲ್ಲಿ ಸಿ.ಎಸ್.ಐ. ಕ್ರೈಸ್ತರಲ್ಲಿ ಹೆಣ್ಣಿಗೆ ಎಲ್ಲವೂ ಸಲೀಸು ಎಂದು ನನ್ನ ಹಿಂದೂ ಸಹೋದ್ಯೋಗಿಗಳು ನಂಬಿದ್ದರು. ಫ್ರಾಕು ಹಾಕಬಹುದು, ಓದಬಹುದು, ನರ್ಸ್ ಆಗಬಹುದು, ಮತ್ತೇನು ಬೇಕು? ನಾನೂ ಬಹಳ ದಿನ ಹಾಗೆಯೇ ಅಂದುಕೊಂಡಿದ್ದೆ. ಶಾಲೆ, ಆಸ್ಪತ್ರೆಯ ಬಾಗಿಲು ತೆರೆದದ್ದು ನಿಜ. ಉಡುಪಿಯ ಮಿಷನ್ ಆಸ್ಪತ್ರೆಯನ್ನು 1923ರಲ್ಲಿ ಹೆಂಗಸರು ಮಕ್ಕಳಿಗಾಗಿ ಆರಂಭಿಸಿದವರು ಇವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆ. ನಾನು ಹುಟ್ಟಿದ್ದೂ ಅಲ್ಲೇ. ಆದರೆ ಆಸ್ಪತ್ರೆಯ ಬಾಗಿಲು ಬೇರೆ, ಆ ಪಕ್ಕದ ಕೋಣೆಯ ಬಾಗಿಲು ಬೇರೆ.

ಅದು ಮುಚ್ಚಿದ್ದು ಯಾಕೆಂದು ಕೇಳಿದರೆ ಎಲ್ಲರ ಬೆರಳೂ ಬೈಬಲಿನ ಪೌಲನ ಕಡೆಗೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯದಲ್ಲಿ ಹೆಂಗಸರು ಸಭೆಗಳಲ್ಲಿ ಮೌನವಾಗಿರಬೇಕು ಎಂಬ ಮಾತಿದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಹೆಂಗಸು ಗಂಡಸಿಗೆ ಉಪದೇಶ ಮಾಡಬಾರದು ಎಂದಿದೆ. ಇವೆರಡು ನಮ್ಮ ಹಿರಿಯರಿಗೆ ಬಾಯಿಪಾಠ. ಅದೇ ಕೊರಿಂಥ ಪತ್ರದ 11ನೆಯ ಅಧ್ಯಾಯವನ್ನು ಯಾರೂ ಬಾಯಿಪಾಠ ಮಾಡಿದ್ದಿಲ್ಲ. ಅಲ್ಲಿ ಪೌಲ, ಪ್ರಾರ್ಥನೆ ಮಾಡುವ ಮತ್ತು ಪ್ರವಾದಿಸುವ ಹೆಂಗಸು ತಲೆಗೆ ಮುಸುಕು ಹಾಕಿಕೊಳ್ಳಬೇಕು ಎನ್ನುತ್ತಾನೆ. ಸಭೆಯಲ್ಲಿ ಬಾಯಿಯೇ ತೆರೆಯಬಾರದವಳು ಪ್ರವಾದಿಸುವುದು ಹೇಗೆ? ನಾವು ಅಧ್ಯಾಯದ ಅರ್ಧ ಮಾತ್ರ ಪಾಲಿಸಿದೆವು. ಪ್ರಾರ್ಥನೆಗೆ ಕಣ್ಣು ಮುಚ್ಚಿದ ಕೂಡಲೇ ಸೆರಗು ತಲೆಗೆ ಬರುತ್ತದೆ, ಪ್ರವಾದನೆ ಬರಲಿಲ್ಲ. ಮೌನದ ಆ ಎರಡು ವಚನಗಳು ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಅಧ್ಯಾಯದ ಕೊನೆಗೆ ಹೋಗಿ ಕೂತಿವೆ. ಅದಕ್ಕೇ ಅವು ಆಮೇಲೆ ಸೇರಿದವೇ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಆ ಚರ್ಚೆ ತೀರ್ಮಾನವಾಗುವ ತನಕ ಕಾಯುವಷ್ಟು ಆಯುಸ್ಸು ನನಗಿಲ್ಲ.

ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯವನ್ನು ಆರಾಧನೆಯಲ್ಲಿ ಓದುವುದು ಕಡಿಮೆ. ಬರೀ ವಂದನೆಗಳ ಪಟ್ಟಿ, ಮದುವೆ ಕಾಗದದ ಕೆಳಗೆ ಬಂಧುಗಳ ಹೆಸರಿರುತ್ತದಲ್ಲ, ಹಾಗೆ. ನನಗೆ ಬಹಳ ಇಷ್ಟ, ಬಹುಶಃ ಪಟ್ಟಿ ಓದುವುದು ಕಸುಬಾಗಿದ್ದರಿಂದ. ಮೊದಲ ಹೆಸರೇ ಫೊಯಿಬೆ, ಕೆಂಖ್ರೆಯ ಸಭೆಯವಳು. ಅವಳಿಗೆ ಪೌಲ ಬಳಸಿದ ಗ್ರೀಕ್ ಪದ ದಿಯಾಕೊನೊಸ್. ಕನ್ನಡದಲ್ಲಿ ಸೇವಕಿ ಅಂದೊಡನೆ ನಮಗೆ ಪಾತ್ರೆ ತಿಕ್ಕುವವಳು ಕಾಣುತ್ತಾಳೆ. ಆದರೆ ಪೌಲ ತನ್ನನ್ನೂ ಕರೆದುಕೊಂಡದ್ದು ಅದೇ ಪದದಿಂದ. ಆಮೇಲೆ ಪ್ರಿಸ್ಕಿಲ್ಲ ಮತ್ತು ಅಕ್ವಿಲ, ಗುಡಾರ ಹೊಲಿಯುವ ದಂಪತಿ. ಹೆಂಡತಿಯ ಹೆಸರು ಮುಂದೆ, ಗಂಡನದು ಹಿಂದೆ. ಸಭೆ ಕೂಡುತ್ತಿದ್ದದ್ದು ಅವರ ಮನೆಯಲ್ಲಿ.

ಅಲ್ಲೇ ಕೆಳಗೆ ಯೂನ್ಯ ಎಂಬ ಹೆಸರಿದೆ, ಅಪೊಸ್ತಲರಲ್ಲಿ ಹೆಸರಾದವಳು. ನಾಲ್ಕನೆಯ ಶತಮಾನದ ಯೋಹಾನ ಕ್ರಿಸೊಸ್ತೊಮ ಇವಳು ಹೆಂಗಸೆಂದು ತಿಳಿದೇ ಮೆಚ್ಚಿ ಬರೆದ. ಮಧ್ಯಯುಗದಿಂದ ಈಚೆಗೆ ಕೆಲವು ವ್ಯಾಖ್ಯಾನಕಾರರಿಗೆ ಅದು ಜೀರ್ಣವಾಗದೆ, ಯೂನಿಯಾಸ್ ಎಂದು ಗಂಡು ಮಾಡಿದರು. ಕನ್ನಡದಲ್ಲಿ ಆ ತಾಪತ್ರಯವೂ ಬೇಕಿಲ್ಲ. 'ಇವರು' ಎಂದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ನಮ್ಮ ಬಹುವಚನದ ಮರೆಯಲ್ಲಿ ಒಬ್ಬ ಅಪೊಸ್ತಲೆ ಇಷ್ಟು ವರ್ಷ ಕೂತಿದ್ದಳು. ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ.

ಸಭೆಯಲ್ಲಿ ಮೌನ, ಮನೆಯಲ್ಲಿ ಅಧೀನ. ಎರಡನೆಯದು ಎಫೆಸ ಪತ್ರದ 5ನೆಯ ಅಧ್ಯಾಯದ್ದು, ಮದುವೆಯ ಪ್ರಸಂಗಗಳಲ್ಲಿ ಬಹಳ ಸಲ ಕೇಳಿದ್ದೇನೆ. ನನ್ನ ಮದುವೆಯಲ್ಲೂ ಓದಿದರು. ಮಲ್ಲಿಗೆಯ ಭಾರಕ್ಕೆ ಕತ್ತು ಬಗ್ಗಿತ್ತು, ಅಧೀನಳಾದಂತೆಯೇ ಕಂಡಿರಬೇಕು. ಓದು ಶುರುವಾಗುವುದು 22ನೆಯ ವಚನದಿಂದ, ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಲಿ ಎಂಬಲ್ಲಿಂದ. ಅದರ ಮೇಲಿನ 21ನೆಯ ವಚನ, ಎಲ್ಲರೂ ಒಬ್ಬರಿಗೊಬ್ಬರು ಅಧೀನರಾಗಿರಿ ಎನ್ನುವುದು, ಹಿಂದಿನ ಪುಟದಲ್ಲೇ ಉಳಿದುಬಿಡುತ್ತದೆ. ಗ್ರೀಕಿನ ಬಹು ಹಳೆಯ ಕೆಲವು ಪ್ರತಿಗಳಲ್ಲಿ 22ನೆಯ ವಚನಕ್ಕೆ ಕ್ರಿಯಾಪದವೇ ಇಲ್ಲವಂತೆ. ಮೇಲಿನ ವಚನದಿಂದ ಎಳೆದುಕೊಂಡರಷ್ಟೇ ಅರ್ಥ ಕೂಡುತ್ತದೆ. ಅಂದರೆ ಅಲ್ಲಿ ಕತ್ತರಿ ಹಾಕಿ ಓದುವುದು ವ್ಯಾಕರಣಕ್ಕೇ ಒಗ್ಗದ ಕೆಲಸ. ಆ ಕಾಲದ ರೋಮಿನಲ್ಲಿ ಮನೆಯ ಯಜಮಾನನಿಗೆ ಹೆಂಡತಿ, ಮಕ್ಕಳು, ಗುಲಾಮರ ಮೇಲಿದ್ದ ಅಧಿಕಾರ ನೋಡಿದರೆ, ಅಧೀನಳಾಗಿರು ಎಂಬ ಮಾತು ಯಾರಿಗೂ ಹೊಸದಲ್ಲ. ಕೇಳಿದವರು ಬೆಚ್ಚಿದ್ದರೆ ಗಂಡನಿಗೆ ಹೇಳಿದ್ದಕ್ಕೆ: ಹೆಂಡತಿಗಾಗಿ ಪ್ರಾಣ ಕೊಡುವಷ್ಟು ಪ್ರೀತಿಸು. ನನ್ನ ಯಜಮಾನರಿಗೆ ಇದನ್ನು ಹೇಳಿದಾಗ, "ಪ್ರಾಣ ಕೇಳು, ಕೊಡುತ್ತೇನೆ. ಪಾತ್ರೆ ಮಾತ್ರ ತೊಳೆಯಲು ಹೇಳಬೇಡ" ಅಂದರು. ಈಗ ತೊಳೆಯುತ್ತಾರೆ, ತಳ ಬಿಟ್ಟು.

ಮನೆಯೊಳಗಿನ ಅಧಿಕಾರವನ್ನು ವೇದವಾಕ್ಯಕ್ಕಿಂತ ಗಟ್ಟಿಯಾಗಿ ಹಿಡಿದದ್ದು ಕಾನೂನು. 1869ರ ವಿಚ್ಛೇದನ ಕಾಯಿದೆಯ ಪ್ರಕಾರ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಹೆಂಡತಿಯಾದರೆ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಅದು ಸಮವಾದದ್ದು 2001ರ ತಿದ್ದುಪಡಿಯಲ್ಲಿ. ಆಸ್ತಿಯ ವಿಷಯದಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಉಯಿಲು ಬರೆಯದೆ ತೀರಿಕೊಂಡವರ ಮಗನಿಗೂ ಮಗಳಿಗೂ ಒಂದೇ ಪಾಲು ಕೊಡುತ್ತದೆ. ತಿರುವಾಂಕೂರಿನ ಹಳೆಯ ನಿಯಮ ಇದಕ್ಕೆ ಅಡ್ಡ ನಿಂತಿತ್ತು, ಮೇರಿ ರಾಯ್ ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಗೆದ್ದರು. ನಮ್ಮ ಕಡೆ ಅಂಥ ಅಡ್ಡಿ ಇರಲಿಲ್ಲ. ಆದರೂ ಅಪ್ಪ ತೀರಿಕೊಂಡ ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ಅಣ್ಣ ಹಕ್ಕು ಬಿಡುಗಡೆ ಪತ್ರ ತಂದಿಟ್ಟ. ಲೆಕ್ಕ ಗೊತ್ತಿದ್ದವಳು, ಓದಿ ನೋಡಿಯೇ ಸಹಿ ಹಾಕಿದೆ. ಯಾಕೆ ಹಾಕಿದೆ ಎಂದು ಮಗಳು ಈಗಲೂ ಕೇಳುತ್ತಾಳೆ.

ನನ್ನ ಅಜ್ಜಿ ಬೈಬಲ್ ಸ್ತ್ರೀ ಆಗಿದ್ದಳು. ಈಗಿನವರಿಗೆ ಆ ಪದವೇ ಗೊತ್ತಿಲ್ಲ. ಬಿಳಿ ಸೀರೆ, ಕರಿ ಕೊಡೆ, ಬಟ್ಟೆಯ ಚೀಲದಲ್ಲಿ ಸತ್ಯವೇದ. ಪಾದ್ರಿಗಳಿಗೆ ಪ್ರವೇಶವಿಲ್ಲದ ಒಳಮನೆಗಳಿಗೆ ಹೋಗಿ ಓದಿ ಹೇಳುವುದು, ಅಕ್ಷರ ಕಲಿಸುವುದು, ಬಾಣಂತಿಗೆ ಕಷಾಯ ಕುದಿಸಿ ಕೊಡುವುದು. ಊರಲ್ಲಿ ಅತಿ ಹೆಚ್ಚು ಉಪದೇಶ ಮಾಡಿದವಳು ಅವಳೇ ಇರಬೇಕು, ಪೀಠದ ಮೇಲೆ ನಿಂತು ಮಾತ್ರ ಒಮ್ಮೆಯೂ ಅಲ್ಲ. ಅಡಿಗೆಮನೆಯಲ್ಲಿ ಅವಳದೊಂದು ತಗಡಿನ ಡಬ್ಬಿ ಇತ್ತು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಒಂದು ಹಿಡಿ ತೆಗೆದು ಅದಕ್ಕೆ ಹಾಕುವುದು, ತಿಂಗಳ ಕೊನೆಗೆ ಸಭೆಗೆ ಕೊಡುವುದು. ನನ್ನ ಪುಟ್ಟ ಮುಷ್ಟಿಯಿಂದ ಹಾಕಿದರೆ, "ದೇವರಿಗೆ ನಿನ್ನ ಕೈಯ ಅಳತೆ ಗೊತ್ತಿದೆ, ಇನ್ನೊಂದು ಹಿಡಿ ಹಾಕು" ಎನ್ನುತ್ತಿದ್ದಳು. ಇದೇ ಹಿಡಿ ಅಕ್ಕಿ ಮಿಜೋರಾಮಿನಲ್ಲಿ 1910ರಿಂದ ದೊಡ್ಡ ವ್ಯವಸ್ಥೆಯಾಗಿ ಬೆಳೆದು, ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಗೆ ದೊಡ್ಡ ಆದಾಯವಾಗಿದೆ. ಅಲ್ಲೂ ಅಕ್ಕಿ ತೆಗೆದಿಟ್ಟವರು ಹೆಂಗಸರು, ಪಾಸ್ಟರ್ ದೀಕ್ಷೆ ಮಾತ್ರ ದಶಕಗಳ ಕಾಲ ಗಂಡಸರದೇ.

ನಮ್ಮೂರಿನಿಂದ ದೂರವಲ್ಲದ ಕಾರ್ಕಳ ತಾಲೂಕಿನ ಮಾಳ, ಪಂಡಿತಾ ರಮಾಬಾಯಿಯ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಅವರು ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು ಉತ್ತರ ಹೇಳಬೇಕಾಯಿತು, ಹೇಳಿ ಒಪ್ಪಿಸಿಯೂ ಬಂದರು. 1858ರಲ್ಲಿ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಮಗಳು 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದಳು. ಅಲ್ಲಿ ಗಂಡು ಹುಡುಗರಿಗೆ ಪಾಠ ಹೇಳುವ ಮಾತು ಬಂದಾಗ ಬಿಷಪ್ಪರು ಕೂಡದು ಎಂದರು. ನನ್ನ ಅಪ್ಪನಾಗಲಿ ಗಂಡನಾಗಲಿ ಬೇಡವೆನ್ನದ್ದನ್ನು ಇವರು ಬೇಡವೆನ್ನುತ್ತಾರಲ್ಲ ಎಂದು ಆಕೆ ಬರೆದಳು. ಆಮೇಲೆ ಪುಣೆಯ ಬಳಿಯ ಕೇಡಗಾಂವದಲ್ಲಿ ಕೂತು, ಹೀಬ್ರೂ ಗ್ರೀಕ್ ಕಲಿತು, ಇಡೀ ಬೈಬಲನ್ನು ಸರಳ ಮರಾಠಿಗೆ ತಂದಳು. ಅಚ್ಚಿನ ಮೊಳೆ ಜೋಡಿಸಿದವರೂ ಆಕೆಯ ಆಶ್ರಮದ ಹೆಂಗಸರೇ. ನಮ್ಮ ಸಭೆಯಲ್ಲಿ ಈ ಕಥೆಯನ್ನು ಹೇಳಿದಾಗ ಒಬ್ಬರು ಹಿರಿಯರು ಕೇಳಿದ್ದು ಒಂದೇ: "ಡೋಂಗ್ರೆಯವರಿಗೆ ಮಾಳದಲ್ಲಿ ಈಗ ಜಾಗ ಎಷ್ಟಿದೆ?"

ಪಕ್ಕದ ಮನೆಯ ಬಾಯಿ ಕಥೋಲಿಕರು. ಅವರ ಕಡೆ 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತೊಲಿಕ್ ಕಾರ್ಮೆಲ್ ಸಿಸ್ಟರುಗಳು ಶಾಲೆ ತೆರೆದು, 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ಕಟ್ಟಿದರು. ಕಾಲೇಜು ನಡೆಸಬಲ್ಲವರಿಗೆ ಪೂಜೆ ಅರ್ಪಿಸುವ ಹಕ್ಕಿಲ್ಲ. ಹೆಂಗಸಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಸಭೆಗಿಲ್ಲ ಎಂದು 1994ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಬರೆದರು, ಯೇಸು ಗಂಡಸರನ್ನಷ್ಟೇ ಅಪೊಸ್ತಲರಾಗಿ ಆರಿಸಿದ ಎಂಬ ಕಾರಣ ಕೊಟ್ಟು. 2016ರಲ್ಲಿ ಪೋಪ್ ಫ್ರಾನ್ಸಿಸ್, ಪವಿತ್ರ ಗುರುವಾರ ಪಾದ ತೊಳೆಯುವಾಗ ಹೆಂಗಸರನ್ನೂ ಕೂರಿಸಬಹುದು ಎಂದು ನಿಯಮ ಬದಲಿಸಿದರು. ಆಮೇಲೊಂದು ವರ್ಷ ಬಾಯಿಯ ಹೆಸರೂ ಬಂತು. ವಾರವಿಡೀ ಬಾವಿಕಟ್ಟೆಯಲ್ಲಿ ಕೂತು ಹಿಮ್ಮಡಿಗೆ ಕಲ್ಲು ತಿಕ್ಕಿದರು. "ಪಾದ್ರಿಯಾಬ್ ಮುಟ್ಟುವ ಕಾಲು, ಒಡಕು ಕಾಣಬಾರದು" ಎನ್ನುತ್ತ. ಮದುವೆಯಾಗಿ ಬಂದು 44 ವರ್ಷಕ್ಕೆ ತನ್ನ ಕಾಲನ್ನು ಬೇರೆಯವರು ತೊಳೆದದ್ದು ಅದೇ ಮೊದಲು ಎಂದು ಆಮೇಲೆ ಹೇಳಿದರು. ನಗುತ್ತಲೇ ಹೇಳಿದ್ದು, ಆದರೆ ಅದಾದ ಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ನಮ್ಮ ಸಿ.ಎಸ್.ಐ.ಯಲ್ಲಿ ಹೆಂಗಸರಿಗೆ ದೀಕ್ಷೆ ಸಿಗತೊಡಗಿದ್ದು 1970ರ ದಶಕದಲ್ಲಿ. 2013ರಲ್ಲಿ ನಂದ್ಯಾಲಕ್ಕೆ ಪುಷ್ಪಾ ಲಲಿತಾ ಬಿಷಪ್ ಆದರು, ಸಭೆಯ ಮೊದಲ ಮಹಿಳಾ ಬಿಷಪ್. ನಮ್ಮೂರಿನ ಸಭೆಗೆ ವರ್ಗವಾಗಿ ಒಬ್ಬ ಪಾಸ್ಟರಮ್ಮ ಬಂದದ್ದು ನನ್ನ ನಿವೃತ್ತಿಯ ಆಚೀಚೆ. ಮೊದಲ ಪೇಚು ಕರೆಯುವುದು ಹೇಗೆ ಎಂಬುದು. ಗಂಡಸಾದರೆ ಅಯ್ಯನವರು, ಅವರ ಹೆಂಡತಿ ಅಮ್ಮ. ಈಕೆ ಯಾರು? ಅಮ್ಮ ಎಂದರೆ ದರ್ಜೆ ಇಳಿಯಿತು, ಅಯ್ಯನವರು ಎಂದರೆ ನಗು ಬರುತ್ತದೆ. ಹಿರಿಯರು ಇನ್ನೂ ಯೋಚಿಸುತ್ತಿರುವಾಗಲೇ ಭಾನುವಾರದ ಶಾಲೆಯ ಮಕ್ಕಳು 'ಪಾಸ್ಟರಮ್ಮ' ಮಾಡಿ ಮುಗಿಸಿದ್ದವು. ಎರಡನೆಯದು ಸ್ತ್ರೀ ಕೂಟದ ಅಧ್ಯಕ್ಷಗಿರಿ. ರೂಢಿಯಲ್ಲಿ ಅದು ಪಾಸ್ಟರರ ಹೆಂಡತಿಯದು. ಈಕೆಯ ಗಂಡ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. "ಕ್ರೋಶ ನನಗೆ ಬರುವುದಿಲ್ಲ" ಎಂದು ಅವರೇ ಮೊದಲು ಹೇಳಿದ್ದರಿಂದ ಅದೂ ಬಗೆಹರಿಯಿತು.

ಬಗೆಹರಿಯದ್ದೊಂದು ಇದೆ. ನನ್ನನ್ನು ಕೋಣೆಯಿಂದ ಕಳಿಸಿದ ಆ ಮಾವ, ಪಾಸ್ಟರಮ್ಮ ಕರ್ತನ ಭೋಜನ ನಡೆಸುವ ಭಾನುವಾರಗಳಲ್ಲಿ ಮುಂದಕ್ಕೆ ಬರುವುದಿಲ್ಲ, ಬೆಂಚಿನಲ್ಲೇ ಕೂತಿರುತ್ತಾರೆ. ಹೆಂಗಸಿನ ಕೈಯ ರೊಟ್ಟಿ ಅವರಿಗೆ ಇಳಿಯುವುದಿಲ್ಲ. ಬೆಳೆ ಹಬ್ಬದ ಮಧ್ಯಾಹ್ನ ನಾವು ಬಡಿಸಿದ ಕೋಳಿ ಸಾರನ್ನು ಎರಡು ಸಲ ಹಾಕಿಸಿಕೊಂಡರು.

ನಾನೀಗ ಸಮಿತಿಯಲ್ಲಿದ್ದೇನೆ, ಪಕ್ಕದ ಕೋಣೆಯಲ್ಲಿ ಕಾಣಿಕೆ ಎಣಿಸುತ್ತೇನೆ. ಐದರದ್ದು ಬೇರೆ, ಎರಡರದ್ದು ಬೇರೆ, ನೋಟುಗಳ ಮುಖ ಒಂದೇ ಕಡೆಗೆ. ಲೆಕ್ಕದ ಪುಸ್ತಕ ಮಾತ್ರ ಹಳೆಯದು. ಪ್ರತಿ ಪುಟದ ಕೆಳಗೆ 'ಎಣಿಸಿದವರು: ಶ್ರೀ' ಎಂದು ಅಚ್ಚಾಗಿದೆ. ವಾರವಾರ ಪೆನ್ನು ತೆಗೆದು ಅದರ ಪಕ್ಕ 'ಮತಿ' ಎಂದು ಸೇರಿಸಿ ಸಹಿ ಹಾಕುತ್ತೇನೆ. ಪುಸ್ತಕದಲ್ಲಿ ಇನ್ನೂ ಎಂಬತ್ತು ಪುಟ ಖಾಲಿ ಇದೆ.