ಉತ್ತರ ಬಾರದಿದ್ದರೆ ಸ್ವಿಚ್ ಸತ್ತಿದೆಯೇ?

ಬ್ಯಾಂಕ್ ಖಾತೆಯ ಲೆಕ್ಕ, ಆಸ್ಪತ್ರೆಯಲ್ಲಿ ತೆಗೆದ ಸ್ಕ್ಯಾನಿಂಗ್ ಚಿತ್ರ, ಪರೀಕ್ಷೆಯ ಅಂಕಪಟ್ಟಿ - ಇವೆಲ್ಲ ಈಗ ಎಲ್ಲಿರುತ್ತವೆ? ‘ಕಂಪ್ಯೂಟರಿನಲ್ಲಿ’ ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಆದರೆ ಗುಮಾಸ್ತರ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿ ಅವು ಇರುವುದಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆಂದೇ ತಂಪಾಗಿಟ್ಟ ಕೋಣೆಯೊಂದಿರುತ್ತದೆ. ಅಲ್ಲಿ ಬೀರುವಿನಂಥ ಚೌಕಟ್ಟುಗಳಲ್ಲಿ ಸಾಲುಸಾಲಾಗಿ ಡಿಸ್ಕುಗಳನ್ನು ಜೋಡಿಸಿರುತ್ತಾರೆ. ಇದೇ ಮಾಹಿತಿ ಭಂಡಾರ, ಅಂದರೆ ಸ್ಟೋರೇಜ್. ಈ ಭಂಡಾರಕ್ಕೂ ಅದನ್ನು ಬಳಸುವ ಕಂಪ್ಯೂಟರುಗಳಿಗೂ ನಡುವೆ ನಿಂತು, ಮಾಹಿತಿಯನ್ನು ಸರಿಯಾದ ದಾರಿಗೆ ಕಳಿಸುವ ಪೆಟ್ಟಿಗೆಯೇ ನೆಟ್‌ವರ್ಕ್ ಸ್ವಿಚ್.

ಕೋಣೆಯ ಉಸ್ತುವಾರಿಗೆ ಒಂದು ತಂತ್ರಾಂಶವಿರುತ್ತದೆ. ಯಾವ ಡಿಸ್ಕ್ ತುಂಬುತ್ತಿದೆ, ಯಾವ ಫ್ಯಾನ್ ನಿಂತಿದೆ, ಯಾವ ಸ್ವಿಚ್ ಬಿಸಿಯಾಗಿದೆ ಎಂಬುದನ್ನು ಅದು ಪರದೆಯ ಮೇಲೆ ತೋರಿಸುತ್ತದೆ. ಕೆಲವೊಮ್ಮೆ ಅದೇ ಪರದೆಯಲ್ಲಿ ‘ಸ್ವಿಚ್ ಪತ್ತೆಯಾಗಲಿಲ್ಲ’ ಎಂಬ ಎಚ್ಚರಿಕೆ ಮೂಡುತ್ತದೆ. ವಿಚಿತ್ರವೆಂದರೆ, ಸ್ವಿಚ್ ಅಲ್ಲೇ ಇರುತ್ತದೆ, ಅದರ ಹಸಿರು ದೀಪಗಳು ಮಿನುಗುತ್ತಿರುತ್ತವೆ, ಮಾಹಿತಿಯೂ ಹರಿಯುತ್ತಿರುತ್ತದೆ. ಹಾಗಾದರೆ ತಂತ್ರಾಂಶ ಸುಳ್ಳು ಹೇಳುತ್ತಿದೆಯೇ? ಇಲ್ಲ. ‘ನಾನು ಕೇಳಿದೆ, ನನಗೆ ಉತ್ತರ ಬರಲಿಲ್ಲ’ ಎಂದಷ್ಟೇ ಅದು ಹೇಳುತ್ತಿದೆ. ಉತ್ತರ ಏಕೆ ಬರಲಿಲ್ಲವೆಂದು ಹುಡುಕುವುದು ಮನುಷ್ಯನ ಕೆಲಸ. ಶಾಲೆಯ ಪ್ರಯೋಗಶಾಲೆಯಲ್ಲಿ ಕಲಿಯುವ ಪಾಠ ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಎರಡು ತಪ್ಪು ದಾರಿಗಳು

ನೆಟ್‌ಆ್ಯಪ್ ಕಂಪನಿಯ ಆನ್‌ಟ್ಯಾಪ್ ತಂತ್ರಾಂಶವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ ಹಲವು ಸ್ಟೋರೇಜ್ ಯಂತ್ರಗಳು ಒಂದೇ ಗುಂಪಾಗಿ ದುಡಿಯುತ್ತವೆ. ದೊಡ್ಡ ಗುಂಪಿನ ಒಳಮಾತುಕತೆಗೆಂದು ಎರಡು ಸ್ವಿಚ್‌ಗಳನ್ನು ಇಟ್ಟಿರುತ್ತಾರೆ. ಒಂದು ಕೆಟ್ಟರೂ ಇನ್ನೊಂದು ಭಾರ ಹೊರಲಿ ಎಂಬುದು ಇದರ ಉದ್ದೇಶ.

ಈಗ ಒಂದು ಸ್ವಿಚ್ ಪತ್ತೆಯಾಗಲಿಲ್ಲ ಎಂದುಕೊಳ್ಳಿ. ‘ಕೆಲಸ ಹೇಗೂ ನಡೆಯುತ್ತಿದೆಯಲ್ಲ’ ಎಂದು ಸುಮ್ಮನಿರುವುದು ಮೊದಲನೆಯ ತಪ್ಪು. ನಾಳೆ ಆ ಸ್ವಿಚ್‌ನ ಫ್ಯಾನ್ ನಿಂತರೂ, ಅದರ ಎರಡು ವಿದ್ಯುತ್ ಪೂರೈಕೆಗಳಲ್ಲಿ ಒಂದು ಸುಟ್ಟರೂ ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ಕಾವಲುಗಾರನಿಗೆ ಆ ಕಡೆ ಕಣ್ಣೇ ಇಲ್ಲ. ಗಾಬರಿಯಿಂದ ಸ್ವಿಚ್ಚನ್ನು ಆರಿಸಿ ಮತ್ತೆ ಹಚ್ಚುವುದು ಎರಡನೆಯ ತಪ್ಪು. ಅದೇ ಹೊತ್ತಿಗೆ ಜೊತೆಯ ಸ್ವಿಚ್ ನಿಜವಾಗಿಯೂ ಕೆಟ್ಟಿದ್ದರೆ, ಸರಿಯಾಗಿ ದುಡಿಯುತ್ತಿದ್ದುದನ್ನು ನಮ್ಮ ಕೈಯಾರೆ ನಿಲ್ಲಿಸಿದಂತಾಗುತ್ತದೆ. ಆಗ ನಿಲ್ಲುವುದು ಪರದೆಯ ಮೇಲಿನ ಒಂದು ಚಿತ್ರವಲ್ಲ. ಆ ಭಂಡಾರವನ್ನು ನಂಬಿದ ಆಸ್ಪತ್ರೆಯ ಅಥವಾ ಬ್ಯಾಂಕಿನ ಕೆಲಸ.

ಸ್ವಿಚ್ ಮಾಡುವುದೇನು?

ಇದು ಗೋಡೆಯ ಮೇಲಿನ ದೀಪದ ಸ್ವಿಚ್ ಅಲ್ಲ. ಹಿಂದೆ ಬಳಸುತ್ತಿದ್ದ ಹಬ್ ಎಂಬ ಪೆಟ್ಟಿಗೆ, ಒಬ್ಬರು ಹೇಳಿದ್ದನ್ನು ಎಲ್ಲರಿಗೂ ಕೂಗಿ ಹೇಳುತ್ತಿತ್ತು. ಸ್ವಿಚ್ ಹಾಗಲ್ಲ. ಯಾವ ಕಿಂಡಿಯಿಂದ ಯಾವ ಯಂತ್ರದ ವಿಳಾಸ ಬಂತೆಂದು ಗಮನಿಸಿ, ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಮುಂದೆ ಆ ಯಂತ್ರಕ್ಕೆ ಬಂದದ್ದನ್ನು ಆ ಕಿಂಡಿಗೆ ಮಾತ್ರ ಕಳಿಸುತ್ತದೆ. ಇಂಥ ಮೊದಲ ಈಥರ್‌ನೆಟ್ ಸ್ವಿಚ್ಚನ್ನು 1990ರಲ್ಲಿ ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿಯ ಹೆಸರು ‘ಕಲ್ಪನಾ’! ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಅದರ ಸ್ಥಾಪಕರಲ್ಲಿ ಒಬ್ಬರು. ಹೆಸರು ಅವರ ಪತ್ನಿಯದು. ಆ ಸ್ವಿಚ್‌ಗೆ ಇದ್ದದ್ದು ಏಳೇ ಕಿಂಡಿಗಳು. 1994ರಲ್ಲಿ ಸಿಸ್ಕೊ ಈ ಕಂಪನಿಯನ್ನು ಕೊಂಡಿತು.

ಪತ್ತೆ ಹಚ್ಚುವ ಎರಡು ಬಗೆ

ತಂತ್ರಾಂಶ ಸ್ವಿಚ್ಚನ್ನು ಕಂಡುಕೊಳ್ಳಲು ಎರಡು ಉಪಾಯಗಳಿವೆ. ಒಂದು, ನೆರೆಹೊರೆಯವರ ಪರಿಚಯ. ಸಿಸ್ಕೊ ರೂಪಿಸಿದ ಸಿಡಿಪಿ ಎಂಬ ಪದ್ಧತಿಯಲ್ಲಿ ಯಂತ್ರವು ಸಾಮಾನ್ಯವಾಗಿ 60 ಸೆಕೆಂಡಿಗೊಮ್ಮೆ ‘ನಾನು ಇಂಥವನು, ಇಂಥ ಕಿಂಡಿಯಲ್ಲಿದ್ದೇನೆ’ ಎಂದು ಪಕ್ಕದ ಯಂತ್ರಕ್ಕೆ ಸಾರುತ್ತದೆ. 2005ರಲ್ಲಿ ಬಂದ ಎಲ್‌ಎಲ್‌ಡಿಪಿ ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಪದ್ಧತಿ. ಅದರಲ್ಲಿ ಈ ಸಾರಿಕೆ 30 ಸೆಕೆಂಡಿಗೊಮ್ಮೆ ನಡೆಯುತ್ತದೆ.

ಇನ್ನೊಂದು, ಪ್ರಶ್ನೋತ್ತರ. ಇದರ ಹೆಸರು ಎಸ್‌ಎನ್‌ಎಂಪಿ, ಹುಟ್ಟಿದ್ದು 1988ರಲ್ಲಿ. ಇಲ್ಲಿ ಪ್ರಶ್ನೆಗಳಿಗೆಲ್ಲ ಸಂಖ್ಯೆಗಳಿವೆ. ‘ನೀನು ಯಾವ ಮಾದರಿ?’ ಎಂದು ಕೇಳಿದರೆ ಸ್ವಿಚ್ ಕೊಡುವ ಉತ್ತರವೂ ಒಂದು ಉದ್ದನೆಯ ಸಂಖ್ಯೆ. ಅದು 1.3.6.1.4.1 ಎಂದು ಆರಂಭವಾಗಿ, ಮುಂದಿನ ಅಂಕಿ 9 ಆಗಿದ್ದರೆ ಸಿಸ್ಕೊ, 11 ಆಗಿದ್ದರೆ ಎಚ್‌ಪಿ. ಆನ್‌ಟ್ಯಾಪ್‌ನಂಥ ತಂತ್ರಾಂಶ ಮೊದಲು ನೆರೆಯವರ ಸಾರಿಕೆಯಿಂದ ಸ್ವಿಚ್‌ನ ಗುರುತು ಹಿಡಿದು, ಆಮೇಲೆ ಎಸ್‌ಎನ್‌ಎಂಪಿಯಲ್ಲಿ ಅದರ ಕ್ಷೇಮ ವಿಚಾರಿಸುತ್ತದೆ. ಎರಡರಲ್ಲಿ ಯಾವುದು ತಪ್ಪಿದರೂ ಪತ್ತೆಯ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಮೌನಕ್ಕೆ ಹಲವು ಕಾರಣ

ತರಗತಿಯಲ್ಲಿ ಹಾಜರಿ ಕರೆಯುವಾಗ ಒಂದು ಹೆಸರಿಗೆ ‘ಹಾಜರ್ ಸಾರ್’ ಎಂಬ ಉತ್ತರ ಬರದಿದ್ದರೆ ಏನರ್ಥ? ಹುಡುಗ ಬಂದಿಲ್ಲದಿರಬಹುದು. ಪಕ್ಕದ ವಿಭಾಗದಲ್ಲಿ ಕುಳಿತಿರಬಹುದು. ಗದ್ದಲದಲ್ಲಿ ಕೇಳಿಸದಿರಬಹುದು. ಹೆಸರನ್ನೇ ತಪ್ಪಾಗಿ ಕರೆದಿರಬಹುದು. ಕಾರಣಗಳು ನಾಲ್ಕು, ಕಿವಿಗೆ ಬೀಳುವುದು ಒಂದೇ ಮೌನ.

ಸ್ವಿಚ್‌ನ ಕಥೆಯೂ ಇದೇ. ಎಸ್‌ಎನ್‌ಎಂಪಿಯ ಮೊದಲ ಎರಡು ಆವೃತ್ತಿಗಳಲ್ಲಿ ಪ್ರಶ್ನೆಯ ಜೊತೆಗೆ ‘ಕಮ್ಯುನಿಟಿ’ ಎಂಬ ಗುಟ್ಟಿನ ಪದವನ್ನು ಕಳಿಸಬೇಕು. ಪದ ತಪ್ಪಾದರೆ ಸ್ವಿಚ್ ‘ತಪ್ಪು’ ಎಂದು ಹೇಳುವುದಿಲ್ಲ. ಪ್ರಶ್ನೆಯನ್ನು ಎಸೆದು ಸುಮ್ಮನಿರುತ್ತದೆ. ಜೊತೆಗೆ ಪ್ರಶ್ನೆಯನ್ನು ಒಯ್ಯುವ ಯುಡಿಪಿ ಎಂಬ ಸಾಗಣೆ, ಅಂಚೆ ಡಬ್ಬಿಗೆ ಹಾಕಿದ ಸಾಧಾರಣ ಕಾಗದದಂತೆ. ತಲುಪಿತೋ ಇಲ್ಲವೋ ಎಂಬ ರಸೀದಿ ಬರುವುದಿಲ್ಲ. ಆದ್ದರಿಂದ ಸತ್ತ ಸ್ವಿಚ್, ತುಂಡಾದ ತಂತಿ, ತಪ್ಪು ಪದ, ನಡುವೆ ತಡೆಯುವ ಫೈರ್‌ವಾಲ್ - ಈ ನಾಲ್ಕೂ ತಂತ್ರಾಂಶಕ್ಕೆ ಒಂದೇ ರೀತಿ ಕಾಣುತ್ತವೆ. ಮೌನವನ್ನೇ ದಿಟ್ಟಿಸುತ್ತ ಕುಳಿತರೆ ಏನೂ ತಿಳಿಯದು. ಒಂದೊಂದು ಕಾರಣವನ್ನೂ ಬೇರ್ಪಡಿಸುವಂಥ ಬೇರೆ ಬೇರೆ ಪ್ರಶ್ನೆಗಳನ್ನು ಕೇಳಬೇಕು.

ಒಂದೊಂದೇ ಮೆಟ್ಟಿಲು

ಮೊದಲು ಕಣ್ಣಿನಿಂದ ನೋಡಬೇಕು. ಮಾಹಿತಿ ಹರಿಯುತ್ತಿದ್ದರೆ ಸ್ವಿಚ್ ಬದುಕಿದೆ. ಅನೇಕ ಸ್ವಿಚ್‌ಗಳಲ್ಲಿ ಉಸ್ತುವಾರಿಗೆಂದೇ ಬೇರೆ ಕಿಂಡಿ ಇರುತ್ತದೆ. ಅದರ ತಂತಿ ಕಳಚಿದ್ದರೆ ಮಾಹಿತಿಗೆ ಏನೂ ಆಗುವುದಿಲ್ಲ, ಉಸ್ತುವಾರಿ ಮಾತ್ರ ನಿಲ್ಲುತ್ತದೆ.

ಎರಡನೆಯದು ‘ಪಿಂಗ್’. 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮೂಸ್ ಬರೆದ ಪುಟ್ಟ ಪ್ರೋಗ್ರಾಮ್ ಇದು. ಜಲಾಂತರ್ಗಾಮಿಯನ್ನು ಹುಡುಕುವ ಸೋನಾರ್ ಉಪಕರಣದ ಸದ್ದೇ ಇದಕ್ಕೆ ಹೆಸರಾಯಿತು. ‘ಇದ್ದೀಯಾ?’ ಎಂದು ಕೂಗಿ ಪ್ರತಿಧ್ವನಿಗೆ ಕಾಯುವುದಷ್ಟೇ ಅದರ ಕೆಲಸ. ಪ್ರತಿಧ್ವನಿ ಬಂದರೆ ತಂತಿ, ವಿಳಾಸ, ದಾರಿ ಮೂರೂ ಸರಿ. ಆದರೆ ಇಲ್ಲಿಗೇ ತೀರ್ಮಾನಕ್ಕೆ ಬರಬಾರದು. ಪಿಂಗ್ ಬಡಿಯುವ ಬಾಗಿಲೇ ಬೇರೆ, ಎಸ್‌ಎನ್‌ಎಂಪಿ ಬಡಿಯುವ ಬಾಗಿಲೇ ಬೇರೆ. ಎರಡನೆಯದರ ಸಂಖ್ಯೆ 161. ಒಂದು ತೆರೆದಿದ್ದು ಇನ್ನೊಂದು ಮುಚ್ಚಿರಬಹುದು.

ಮೂರನೆಯ ಮೆಟ್ಟಿಲು ಬಹಳ ಸ್ವಾರಸ್ಯಕರ. ತಾನು ಪಡೆದ ಎಸ್‌ಎನ್‌ಎಂಪಿ ಪ್ರಶ್ನೆಗಳು ಎಷ್ಟು, ತಪ್ಪು ಪದ ಹೊತ್ತು ಬಂದವು ಎಷ್ಟು ಎಂದು ಸ್ವಿಚ್ ಒಳಗೇ ಲೆಕ್ಕವಿಡುತ್ತದೆ. ಸ್ವಿಚ್‌ಗೆ ಲಾಗಿನ್ ಆಗಿ ಈ ಲೆಕ್ಕ ನೋಡಿ, ತಂತ್ರಾಂಶದಿಂದ ಒಮ್ಮೆ ಪ್ರಶ್ನೆ ಕೇಳಿಸಿ, ಮತ್ತೆ ಲೆಕ್ಕ ನೋಡಬೇಕು. ತಪ್ಪು ಪದದ ಸಂಖ್ಯೆ ಏರಿದರೆ ಪ್ರಶ್ನೆ ತಲುಪಿದೆ, ಪದ ಸರಿಯಿಲ್ಲ. ಯಾವ ಸಂಖ್ಯೆಯೂ ಏರದಿದ್ದರೆ ಪ್ರಶ್ನೆ ದಾರಿಯಲ್ಲೇ ನಿಂತಿರುವ ಸಂಭವ ಹೆಚ್ಚು, ಫೈರ್‌ವಾಲ್ ನೋಡಬೇಕು. ಐದು ನಿಮಿಷದ ಈ ಪ್ರಯೋಗ ಅರ್ಧ ದಿನದ ಊಹೆಯನ್ನು ಉಳಿಸುತ್ತದೆ.

ನಾಲ್ಕನೆಯದು ನೆರೆಯವರ ಪಟ್ಟಿ. ಒಂದು ಕಡೆ ಸಿಡಿಪಿ, ಇನ್ನೊಂದು ಕಡೆ ಎಲ್‌ಎಲ್‌ಡಿಪಿ ಮಾತ್ರ ನಡೆಯುತ್ತಿದ್ದರೆ ಪರಿಚಯವಾಗುವುದಿಲ್ಲ. ಕೇಳಿದ ಸಿಡಿಪಿ ಹೆಸರನ್ನು ಯಂತ್ರ ಸಾಮಾನ್ಯವಾಗಿ 180 ಸೆಕೆಂಡ್ ನೆನಪಿಡುತ್ತದೆ. ಹಾಗಾಗಿ ತಂತಿ ಬದಲಿಸಿದ ಮೇಲೂ ಹಳೆಯ ಹೆಸರು ಮೂರು ನಿಮಿಷ ಉಳಿದೀತು. ಅಷ್ಟು ಹೊತ್ತು ಕಾಯುವ ತಾಳ್ಮೆ ಬೇಕು.

ಇಷ್ಟೆಲ್ಲ ಸರಿಯಿದ್ದೂ ಪತ್ತೆಯಾಗದಿದ್ದರೆ, ಉತ್ತರ ಬಂದಿದ್ದರೂ ತಂತ್ರಾಂಶಕ್ಕೆ ಅದು ಅರ್ಥವಾಗುತ್ತಿಲ್ಲವೆಂದು ತಿಳಿಯಬಹುದು. ಸ್ವಿಚ್ ಹೊಸ ಮಾದರಿಯದಾಗಿದ್ದು, ಅದರ ಸಂಖ್ಯೆ ಹಳೆಯ ತಂತ್ರಾಂಶದ ಪಟ್ಟಿಯಲ್ಲಿ ಇಲ್ಲದಿದ್ದರೆ ಹೀಗಾಗುತ್ತದೆ. ಆಗ ಬದಲಿಸಬೇಕಾದದ್ದು ಸ್ವಿಚ್ ಅಲ್ಲ, ತಂತ್ರಾಂಶದ ಆವೃತ್ತಿ.

ಅವಸರದ ಮದ್ದು ಬೇಡ

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ದೋಷ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯದು. ಒಮ್ಮೆಗೆ ಒಂದೇ ಬದಲಾವಣೆ, ಅದನ್ನು ಬರೆದಿಡುವುದು, ಫಲ ಕೊಡದಿದ್ದರೆ ಮೊದಲಿನಂತೆ ಮಾಡುವುದು - ಇದೇ ಕ್ರಮ. ಫೈರ್‌ವಾಲನ್ನು ಪೂರ್ತಿ ತೆಗೆದುಬಿಡುವುದು, ಗುಟ್ಟಿನ ಪದವಾಗಿ ಎಲ್ಲರಿಗೂ ಗೊತ್ತಿರುವ ‘ಪಬ್ಲಿಕ್’ ಎಂದು ಇಡುವುದು ಇಂಥವು ಎಚ್ಚರಿಕೆಯನ್ನು ಅಳಿಸಬಹುದು. ಜೊತೆಗೆ ಕಳ್ಳನಿಗೂ ಬಾಗಿಲು ತೆರೆಯುತ್ತವೆ. 2002ರಲ್ಲಿ ಪೂರ್ಣ ಮಾನ್ಯತೆ ಪಡೆದ ಎಸ್‌ಎನ್‌ಎಂಪಿಯ ಮೂರನೆಯ ಆವೃತ್ತಿಯಲ್ಲಿ ಬಳಕೆದಾರರ ಹೆಸರು, ಗುಪ್ತಲಿಪಿ ಎರಡಕ್ಕೂ ಅವಕಾಶವಿದೆ. ಹೆಸರು ತಪ್ಪಾದರೆ ಅದು ಹಾಗೆಂದು ತಿಳಿಸುತ್ತದೆ ಕೂಡ.

ಮನೆಯಲ್ಲೇ ಮಾಡಿ ನೋಡಿ

ಮನೆಯಲ್ಲಿ ಇಂಟರ್‌ನೆಟ್ ನಿಂತಾಗ ವಿದ್ಯಾರ್ಥಿಗಳು ಈ ಕ್ರಮವನ್ನು ಅಭ್ಯಾಸ ಮಾಡಬಹುದು. ಮೊದಲು ಮನೆಯ ರೂಟರ್ ವಿಳಾಸಕ್ಕೆ ಪಿಂಗ್ ಮಾಡಿ. ಅದು ಸಾಮಾನ್ಯವಾಗಿ ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ಇರುತ್ತದೆ. ಉತ್ತರ ಬಾರದಿದ್ದರೆ ದೋಷವನ್ನು ಮನೆಯೊಳಗೆ ಹುಡುಕಿ. ಬಂದರೆ, ಹೊರಗಿನ ಒಂದು ವಿಳಾಸಕ್ಕೆ ಮಾಡಿ. ಅಲ್ಲಿಂದ ಉತ್ತರ ಬಾರದಿದ್ದರೆ ದೋಷ ಆಚೆಗಿರುವ ಸಂಭವವಿದೆ. ಕಂಡದ್ದನ್ನು ಗಂಟೆ, ನಿಮಿಷ ಸಹಿತ ನೋಟ್ ಪುಸ್ತಕದಲ್ಲಿ ಬರೆಯಿರಿ. ನಿಮ್ಮದಲ್ಲದ ಜಾಲದಲ್ಲಿ ಮಾತ್ರ ಇಂಥ ಪರೀಕ್ಷೆ ಬೇಡ.

ಪಾಲಕರಿಗೂ ಒಂದು ಮಾತು. ಮಗು ‘ಹಾಗೆಂದು ಹೇಗೆ ಗೊತ್ತಾಯಿತು?’ ಎಂದು ಮತ್ತೆ ಮತ್ತೆ ಕೇಳಿದರೆ ಗದರಬೇಡಿ. ಹತ್ತಾರು ಆಜ್ಞೆಗಳನ್ನು ಬಾಯಿಪಾಠ ಮಾಡಿದವರಿಗಿಂತ, ಆ ಪ್ರಶ್ನೆ ಕೇಳುವ ಅಭ್ಯಾಸವಿದ್ದವರನ್ನೇ ಯಂತ್ರಗಳ ಕೋಣೆಯಲ್ಲಿ ಹೆಚ್ಚು ನಂಬಬಹುದು.