ಒಂದು ಕಾಯಿಲೆ, ಎರಡು ವರ್ಷ

ಪ್ಲೇಗ್ ಹಬ್ಬಿದ ಊರಿಗೆ ಹೋಗಬೇಡಿ, ಅಲ್ಲಿದ್ದವರು ಓಡಿ ಬರಬೇಡಿ ಎಂಬ ಪ್ರವಾದಿವರ್ಯರ(ಸ) ಆದೇಶವನ್ನು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಅದನ್ನು ಪಾಲಿಸಬೇಕಾದರೆ ಬಂದಿರುವ ಕಾಯಿಲೆ ಯಾವುದೆಂದು ಮೊದಲು ತಿಳಿಯಬೇಕಲ್ಲವೇ?

2018ರ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರ ಬಳಿ ಯುವಕನೊಬ್ಬ ಜ್ವರದಿಂದ ತೀರಿಕೊಂಡ. ಕಾರಣ ಯಾರಿಗೂ ತಿಳಿಯಲಿಲ್ಲ. ಅದೇ ಮನೆಯ ಎರಡನೆಯವರು ಮಲಗಿದಾಗ ವೈದ್ಯರು ಸಂಶಯಪಟ್ಟು ಮಾದರಿಯನ್ನು ನಮ್ಮ ಮಣಿಪಾಲಕ್ಕೆ ಕಳುಹಿಸಿದರು. ನಿಪಾ ಎಂದು ಗೊತ್ತಾಯಿತು. ಪುಣೆಯ ಪ್ರಯೋಗಾಲಯವೂ ದೃಢಪಡಿಸಿತು. ಆದರೆ ಅಷ್ಟರಲ್ಲಿ ರೋಗ ಹರಡಿಯಾಗಿತ್ತು. ಹೆಚ್ಚಿನವರಿಗೆ ಅದು ಅಂಟಿದ್ದು ಬಾವಲಿಯಿಂದಲ್ಲ, ಆಸ್ಪತ್ರೆಯಲ್ಲಿ! ಕೆಮ್ಮುವ ರೋಗಿಯ ಪಕ್ಕದಲ್ಲೇ ಇತರ ರೋಗಿಗಳು, ನೋಡಲು ಬಂದ ಬಂಧುಗಳು. ಆರೈಕೆ ಮಾಡಿದ ದಾದಿ ಲಿನಿ ಇಬ್ಬರು ಪುಟ್ಟ ಮಕ್ಕಳನ್ನು ಬಿಟ್ಟು ಹೋದರು. ಸರಕಾರದ ಲೆಕ್ಕದಲ್ಲಿ 17 ಸಾವು.

ಮರುವರ್ಷ ಜೂನ್‌ನಲ್ಲಿ ಎರ್ನಾಕುಳಂನಲ್ಲಿ ವಿದ್ಯಾರ್ಥಿಯೊಬ್ಬನಿಗೆ ಅದೇ ನಿಪಾ ಬಂತು. ಈ ಬಾರಿ ಪ್ರತ್ಯೇಕ ವಾರ್ಡು ಸಿದ್ಧವಾಯಿತು, ಅವನ ಸಂಪರ್ಕಕ್ಕೆ ಬಂದ 300ಕ್ಕೂ ಹೆಚ್ಚು ಮಂದಿಯ ಮೇಲೆ ನಿಗಾ ಇಡಲಾಯಿತು. ಹುಡುಗ ಗುಣಮುಖನಾದ. ಇನ್ನೊಬ್ಬರಿಗೆ ಹರಡಲಿಲ್ಲ, ಅಲ್‌ಹಮ್ದುಲಿಲ್ಲಾಹ್. ವೈರಸ್ ಸೌಮ್ಯವಾಗಿರಲಿಲ್ಲ, ಸರಕಾರ ಎಚ್ಚರವಾಗಿತ್ತು.

ಒಂದು ವಿಷಯ ಮಾತ್ರ ಸರಕಾರವೊಂದರಿಂದಲೇ ಆಗುವುದಿಲ್ಲ. ನಿಪಾದಿಂದ ಸತ್ತವರ ದೇಹದಿಂದಲೂ ರೋಗ ತಗಲಬಹುದು. ನಮ್ಮಲ್ಲಿ ಹೆಣ್ಣು ಮಯ್ಯಿತ್ತಿಗೆ ಸ್ನಾನ ಮಾಡಿಸುವವರು ಹೆಂಗಸರೇ, ಅದೂ ಬರಿಗೈಯಲ್ಲಿ. ನೀರು ಹಾಕಲಾಗದಿದ್ದರೆ ತಯಮ್ಮುಮ್‌ಗೆ ಫಿಕ್ಹ್‌ನಲ್ಲಿ ಅವಕಾಶವಿದೆ. ಆದರೆ ಅದನ್ನು ಸಾವಿನ ಮನೆಯಲ್ಲಿ, ಅಳುವಿನ ನಡುವೆ ವಿವರಿಸುವುದು ಹೇಗೆ? ಜಮಾಅತ್ತಿನವರೂ ಆರೋಗ್ಯ ಇಲಾಖೆಯವರೂ ಆ ಸಹೋದರಿಯರನ್ನು ಮೊದಲೇ ಕೂರಿಸಿ ಮಾತನಾಡಬೇಕು, ಕೈಗವಸು ಕೊಟ್ಟು.