ಹೆಜ್‌ಹಾಗ್ ಯಾಕೆ ಕಚ್ಚತ್ತೆ? ಕೈಗೆ ಹೇಗೆ ತಗೋಬೇಕು?

ಪುಣೆ ಟ್ರಾಫಿಕ್‌ನಲ್ಲಿ ಇಯರ್‌ಫೋನ್ ಹಾಕ್ಕೊಂಡು ನನ್ನ ಮಾತು ಕೇಳೋರು ಒಂದಿಷ್ಟು ಜನ, ಆಫೀಸ್ ಕ್ಯಾಬ್‌ನಲ್ಲಿ ಕೂತು ಇದನ್ನ ಓದೋರು ಇನ್ನೊಂದಿಷ್ಟು ಜನ. ಇಬ್ಬರಿಗೂ ಇವತ್ತು ನನ್ನ ಬಲಗೈ ತೋರುಬೆರಳಿನ ಕಥೆ.

ನನ್ನ ಟೀಮ್‌ನ ಗೆಳೆಯ ಮೂರು ತಿಂಗಳ ಆನ್‌ಸೈಟ್‌ಗೆ ಜರ್ಮನಿಗೆ ಹೋದ. ಹೋಗೋವಾಗ ವಾಕಡ್‌ನ ನಮ್ಮ ಫ್ಲಾಟ್‌ಗೆ ಒಂದು ಗೂಡು ತಂದಿಟ್ಟು, "ಏನೂ ತೊಂದರೆ ಕೊಡಲ್ಲ, ಹಗಲೆಲ್ಲ ಮಲಗಿರತ್ತೆ" ಅಂದ. ಒಳಗಿದ್ದದ್ದು ಆಫ್ರಿಕನ್ ಪಿಗ್ಮಿ ಹೆಜ್‌ಹಾಗ್, ಹೆಸರು ಚಿಕ್ಕಿ. ಧಾರವಾಡದಿಂದ ಅವ್ವ ವಿಡಿಯೋ ಕಾಲ್‌ನಲ್ಲಿ ನೋಡಿ, "ಯಪ್ಪಾ, ಮುಳ್ಳಹಂದಿ ಯಾಕ ತಂದಿ ಮನ್ಯಾಗ?" ಅಂದಳು. ಪಕ್ಕದ ಮನೆ ಕಾಕೂ ಕೂಡ "ಸಾಳಿಂದರ್" ಅಂದರು. ಎರಡೂ ತಪ್ಪು. ಮುಳ್ಳುಹಂದಿ ಅಥವಾ ಸಾಳಿಂದರ್ ದಂಶಕ ಜಾತಿ, ಅಂದ್ರೆ ಇಲಿ, ಅಳಿಲುಗಳ ಬಳಗ. ಹೆಜ್‌ಹಾಗ್ ಹುಳು ತಿನ್ನೋ ಪ್ರಾಣಿ, ನಮ್ಮ ಸೊಂಡಿಲಿಗೆ ದೂರದ ಸಂಬಂಧಿ. ಮುಳ್ಳುಹಂದಿಯ ಮುಳ್ಳು ಕಳಚಿಕೊಂಡು ಚುಚ್ಚಿದ ಜಾಗದಲ್ಲೇ ಉಳಿಯತ್ತೆ. ಇದರ ಮುಳ್ಳು ಹಾಗೆ ಸುಲಭಕ್ಕೆ ಕಳಚಿ ಬರಲ್ಲ. ಕೂದಲು, ಉಗುರಿನಲ್ಲಿರೋ ಕೆರಾಟಿನ್‌ನಿಂದಲೇ ಆದದ್ದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ನಮ್ಮ ದೇಶಕ್ಕೆ ಅದರದೇ ಕಾಡು ಹೆಜ್‌ಹಾಗ್‌ಗಳಿವೆ. ಗುಜರಾತ್, ರಾಜಸ್ಥಾನದ ಒಣ ನೆಲದಲ್ಲಿವೆ, ತಮಿಳುನಾಡು, ಆಂಧ್ರದ ಕುರುಚಲು ಕಾಡಲ್ಲೂ ಇವೆ. ಅವು ವನ್ಯಜೀವಿಗಳು. ಊರ ಕಡೆ ಯಾರಾದ್ರೂ ಹಿಡಿದು ಮಾರಿದ್ರೆ ಕೊಳ್ಳಬೇಡಿ.

ಈಗ ಕಚ್ಚಿದ ವಿಷಯ. ಮೂರನೇ ರಾತ್ರಿ ಊಟ ಮುಗಿಸಿ, ಕೈಯನ್ನ ಬರೀ ನೀರಲ್ಲಿ ತೊಳ್ಕೊಂಡು ಚಿಕ್ಕಿಯನ್ನ ಎತ್ತಿದೆ. ಅದು ಬೆರಳು ಮೂಸಿತು, ನೆಕ್ಕಿತು, ಆಹಾ ಎಷ್ಟು ಮುದ್ದು ಅಂತ ನಾನು ಕರಗ್ತಿರುವಾಗ ಗಬಕ್ಕನೆ ಹಲ್ಲೂರಿತು. ಕೈ ಝಾಡಿಸಿದೆ. ಅದು ಇನ್ನೂ ಬಿಗಿಯಾಗಿ ಹಿಡೀತು. ಆರು ವರ್ಷದ ಮಗಳು ಸೋಫಾ ಮೇಲೆ ಹತ್ತಿ ನಿಂತು ಅಳೋಕೆ ಶುರು. "ರೀ, ನಾಳೆನೇ ಯಾರಿಗಾದ್ರೂ ಕೊಟ್ಟುಬಿಡಿ" ಅಂತ ಹೆಂಡತಿ. ಗೆಳೆಯ ನಂಬಿ ಬಿಟ್ಟುಹೋದ ಜೀವ, ಯಾರಿಗೆ ಕೊಡೋದು?

ಎಂಜಿನಿಯರ್ ಬುದ್ಧಿ ಎಲ್ಲಿ ಹೋಗತ್ತೆ, ಒಂದು ಶೀಟ್ ತೆರೆದು ಪ್ರತಿ ಕಡಿತವನ್ನೂ ಬರೆದಿಟ್ಟೆ: ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ನಾನೇನು ಮುಟ್ಟಿದ್ದೆ, ಅದು ಏನು ಮಾಡ್ತಿತ್ತು. ಮೂರು ವಾರದಲ್ಲಿ ಏಳು ಸಲ. ನಾಲ್ಕು ಸಲ ನನ್ನ ಕೈಗೆ ತಿಂಡಿ ವಾಸನೆ ಇತ್ತು, ಒಂದು ಸಲ ಹೊಸ ಹ್ಯಾಂಡ್ ಕ್ರೀಮ್. ಹೆಜ್‌ಹಾಗ್‌ಗೆ ಕಣ್ಣು ಮಂದ, ಮೂಗೇ ಎಲ್ಲ. ಉಪ್ಪುಪ್ಪಾದ, ಖಾರದ ವಾಸನೆಯ ಬೆರಳು ಅದರ ಪಾಲಿಗೆ ಊಟ. ಮೊದಲು ನೆಕ್ಕಿ ಆಮೇಲೆ ಕಚ್ಚಿದ್ರೆ ಅದು ಸಿಟ್ಟಲ್ಲ, ರುಚಿ ನೋಡೋದು.

ಹೊಸ ವಾಸನೆ ಸಿಕ್ಕಾಗ ಅದು ಇನ್ನೊಂದು ವಿಚಿತ್ರ ಮಾಡತ್ತೆ. ಕಚ್ಚಿ ಜಗಿದು, ಬಾಯಲ್ಲಿ ನೊರೆ ಮಾಡಿ, ಕತ್ತು ತಿರುಗಿಸಿ ಆ ನೊರೆಯನ್ನ ಮುಳ್ಳಿನ ಮೇಲೆ ಬಳ್ಕೊಳ್ಳತ್ತೆ. ಯಾಕೆ ಅನ್ನೋದಕ್ಕೆ ಖಚಿತ ಉತ್ತರ ವಿಜ್ಞಾನಿಗಳ ಹತ್ತಿರವೂ ಇಲ್ಲ. ಮೊದಲ ಸಲ ನೋಡಿದಾಗ ಹುಚ್ಚು ಹಿಡೀತೇನೋ ಅಂತ ನಾನೇ ಬೆವೆತಿದ್ದೆ.

ಹೆದರಿಕೆಯ ಕಡಿತ ಬೇರೆ ಥರ. ಅದಕ್ಕೆ ಮುಂಚೆ ಸೂಚನೆ ಸಿಗತ್ತೆ: ಹಣೆಯ ಮುಳ್ಳು ಮುಂದಕ್ಕೆ ಬರತ್ತೆ, ಬುಸ್ ಬುಸ್ ಅನ್ನತ್ತೆ, ಮೈ ಕುಪ್ಪಳಿಸಿ ಚುಚ್ಚೋಕೆ ನೋಡತ್ತೆ. ಆಗ ನಿಲ್ಲಿಸಿಬಿಡಿ. ಮರಿಗಳಿಗೆ ಸುಮಾರು ಎರಡು ತಿಂಗಳ ವಯಸ್ಸಿನಲ್ಲಿ ಹಳೇ ಮುಳ್ಳು ಉದುರಿ ಹೊಸ ಮುಳ್ಳು ಚರ್ಮ ಸೀಳಿಕೊಂಡು ಬರತ್ತೆ. ಹಲ್ಲು ಬರೋ ಮಗುವಿನ ಹಾಗೆ ಕಿರಿಕಿರಿ, ಆಗ ಮುಟ್ಟಿದ್ರೆ ಸಿಡಿಮಿಡಿ.

ಕೈಗೆ ತಗೊಳ್ಳೋ ರೀತಿ ಸರಳ. ವಾಸನೆ ಕಡಿಮೆ ಇರೋ ಸೋಪಿನಲ್ಲಿ ಕೈ ತೊಳೀರಿ. ಸಂಜೆ ಎಂಟರ ಮೇಲೆ, ಅದಾಗೇ ಎದ್ದ ನಂತರ, ನೆಲದ ಮೇಲೆ ಕೂತ್ಕೊಳ್ಳಿ. ಸೋಫಾದಿಂದ ಬಿದ್ರೂ ಅದರ ಕಾಲು ಮುರೀಬಹುದು. ಮೇಲಿನಿಂದ ಹದ್ದಿನ ಹಾಗೆ ಕೈ ಇಳಿಸಬೇಡಿ. ಎರಡೂ ಬದಿಯಿಂದ ಅಂಗೈ ಜಾರಿಸಿ, ಬೊಗಸೇಲಿ ನೀರು ತಗೊಳ್ಳೋ ಹಾಗೆ ಹೊಟ್ಟೆ ಕೆಳಗಿಂದ ಎತ್ತಿ. ಉಂಡೆ ಆಗಿದ್ರೆ ಬಿಡಿಸೋಕೆ ಹೋಗಬೇಡಿ, ಹಳೇ ಟವೆಲ್ ಮೇಲೆ ಮಡಿಲಲ್ಲಿಟ್ಟು ಸುಮ್ಮನೆ ಇರಿ. ನೀವು ಹಾಕಿ ಬಿಟ್ಟ ಬನಿಯನ್ ಗೂಡಲ್ಲಿಟ್ರೆ ನಿಮ್ಮ ವಾಸನೆ ಅದಕ್ಕೆ ರೂಢಿ ಆಗತ್ತೆ. ಕಚ್ಚಿದ್ರೆ ಎಳೀಬೇಡಿ, ಕೂಗಬೇಡಿ. ಅದು ಬಿಡೋವರೆಗೂ ತಡ್ಕೊಳ್ಳಿ. ಬಿಟ್ಟ ಕ್ಷಣವೇ ಗೂಡಿಗೆ ಹಾಕಬೇಡಿ, ಕಚ್ಚಿದ್ರೆ ಮನೆಗೆ ಕಳಿಸ್ತಾರೆ ಅಂತ ಕಲ್ತುಬಿಡತ್ತೆ. ಟವೆಲ್‌ನಲ್ಲಿ ಎರಡು ನಿಮಿಷ ಇಟ್ಕೊಂಡು ಆಮೇಲೆ ಬಿಡಿ.

ಚರ್ಮ ಹರಿದಿದ್ರೆ ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಟೆಟನಸ್, ರೇಬೀಸ್ ಲಸಿಕೆ ಬೇಕೋ ಬೇಡವೋ ಅನ್ನೋದನ್ನ ಅವರು ನಿರ್ಧರಿಸಲಿ. ಕಚ್ಚದಿದ್ರೂ ಪ್ರತಿ ಸಲ ಕೈ ತೊಳೀಬೇಕು. ನೋಡೋಕೆ ಆರೋಗ್ಯವಾಗಿರೋ ಹೆಜ್‌ಹಾಗ್‌ನಲ್ಲೂ ಸಾಲ್ಮೊನೆಲ್ಲಾ ಇರಬಹುದು. 2019ರಲ್ಲಿ ಅಮೆರಿಕದಲ್ಲಿ ಇದರಿಂದ ಹಲವು ರಾಜ್ಯಗಳಲ್ಲಿ ಜನರಿಗೆ ಕಾಯಿಲೆ ಹರಡಿತ್ತು. ಅದರ ತಟ್ಟೆ, ಚಕ್ರ ಅಡುಗೆಮನೆ ಸಿಂಕ್‌ನಲ್ಲಿ ತೊಳೀಲೇಬೇಡಿ. ಮುತ್ತು ಕೊಡೋದಂತೂ ಬೇಡ, ಮಕ್ಕಳಿಗೆ ಇದನ್ನ ಬಿಡಿಸಿ ಹೇಳಿ.

ಶೀಟ್‌ನಲ್ಲಿ ಏಳನೇ ಸಾಲು ಉಳಿದವುಗಳಂತೆ ಇರಲಿಲ್ಲ. ಡಿಸೆಂಬರ್ ಕೊನೆ, ಬೆಳಗಿನ ಜಾವ. ಕೈಗೆ ವಾಸನೆ ಇಲ್ಲ, ಬುಸುಗುಟ್ಟಲೂ ಇಲ್ಲ, ಮುಟ್ಟಿದ ಕೂಡಲೇ ಕಚ್ಚಿತು, ಅದೂ ಬಲವಿಲ್ಲದೆ. ಒಂದು ಗಂಟೆ ಬಿಟ್ಟು ನೋಡಿದ್ರೆ ಹೊಟ್ಟೆ ತಣ್ಣಗಿತ್ತು, ನಡೆದ್ರೆ ಕುಡಿದವನ ಹಾಗೆ ತೂಗಾಡ್ತಿತ್ತು. ಪುಣೆಯಲ್ಲಿ ಆ ದಿನಗಳ ರಾತ್ರಿ ಹತ್ತು ಡಿಗ್ರಿ ಹತ್ತಿರಕ್ಕೆ ಇಳಿಯತ್ತೆ, ನಾನು ಗೂಡನ್ನ ಬಾಲ್ಕನಿ ಬಾಗಿಲ ಪಕ್ಕ ಇಟ್ಟಿದ್ದೆ. ಈ ಜಾತಿಗೆ ಬೇಕಾದ್ದು ಸುಮಾರು 24ರಿಂದ 29 ಡಿಗ್ರಿ. ಯುರೋಪಿನ ಹೆಜ್‌ಹಾಗ್ ಚಳಿಗಾಲ ಪೂರ್ತಿ ಶೀತನಿದ್ದೆ ಮಾಡತ್ತೆ. ಇದು ಬಿಸಿನಾಡಿನ ಪ್ರಾಣಿ. ಚಳಿಗೆ ಹಾಗೆ ನಿದ್ದೆಗೆ ಜಾರಿದ್ರೆ ಮತ್ತೆ ಏಳದೇ ಹೋಗಬಹುದು.

ಬಿಸಿನೀರಲ್ಲಿ ಮುಳುಗಿಸಬಾರದು. ಟೀ ಶರ್ಟ್ ಒಳಗೆ, ಹೊಟ್ಟೆಗೆ ಒತ್ತಿ ಹಿಡ್ಕೊಂಡು, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕಕ್ಕಿಟ್ಟೆ. ಮೊದಲು ಫೋನ್ ಮಾಡಿದ ಕ್ಲಿನಿಕ್‌ನವರು "ನಾಯಿ, ಬೆಕ್ಕು ಮಾತ್ರ" ಅಂದರು. ಮೂರನೇ ಕಡೆ ಇಂಥ ಪ್ರಾಣಿ ನೋಡೋ ಡಾಕ್ಟರ್ ಸಿಕ್ಕಿದ್ರು. ಸಾಕೋದಕ್ಕೆ ಮುಂಚೆಯೇ ಅಂಥವರ ನಂಬರ್ ಹುಡುಕಿ ಇಟ್ಕೊಳ್ಳಿ. ಸ್ಟಾಂಡ್‌ಅಪ್ ಮೀಟಿಂಗ್‌ಗೆ ಕ್ಯಾಮೆರಾ ಆಫ್ ಮಾಡಿ, ಶರ್ಟ್ ಒಳಗೆ ಮುಳ್ಳಿನುಂಡೆ ಇಟ್ಕೊಂಡೇ ಸೇರಿದ್ದೆ. ಮಧ್ಯದಲ್ಲಿ ಹೊಟ್ಟೆಗೆ ಚುರುಕ್ ಅಂತ ಚುಚ್ಚಿತು. ಮೈ ಬೆಚ್ಚಗಾಗಿ ಬುಸುಗುಟ್ಟಿತ್ತು.

ಫೆಬ್ರವರಿಯಲ್ಲಿ ಗೆಳೆಯ ಬಂದು ಕರ್ಕೊಂಡು ಹೋದ. ಕೊಡೋವಾಗ ಬೊಗಸೆಯಲ್ಲಿ ಎತ್ತಿ ಅವನ ಕೈಗಿಟ್ಟವಳು ಮಗಳು. "ಅಂಕಲ್, ಮೊದ್ಲು ಕೈ ತೊಳ್ಕೊಂಡು ಬನ್ನಿ" ಅಂದಿದ್ದಳು.

ಮುಂದಿನ ವಿಡಿಯೋದಲ್ಲಿ ಸಿಗೋಣ.